ಸಿಂಪಡಿಸಿದ್ದು ಒಂದು, ಉಳಿದದ್ದು ಮತ್ತೊಂದು: ಪೀಡೆನಾಶಕ ಚಯಾಪಚಯದ ದತ್ತಸಂಚಯಗಳು

ಹಾಸನ ಸೀಮೆಯಲ್ಲಿ ಮುಂಗಾರಿನ ಮೋಡ ಕವಿದ ದಿನಗಳಲ್ಲಿ ಆಲೂಗೆಡ್ಡೆಗೆ ಅಂಗಮಾರಿ ತಗುಲಿತೆಂದರೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಸಿಂಪಡಿಸುವುದು ವಾಡಿಕೆ. ಅದರ ಶೇಷವನ್ನು, ಅಂದರೆ ಬೆಳೆಯಲ್ಲಿ ಉಳಿದುಕೊಂಡದ್ದನ್ನು, ಪರೀಕ್ಷಿಸುವ ಪ್ರಯೋಗಾಲಯಗಳು ಸಾಮಾನ್ಯವಾಗಿ ಮ್ಯಾಂಕೋಜೆಬನ್ನು ನೇರವಾಗಿ ಅಳೆಯದೆ, ಮಾದರಿಯನ್ನು ಆಮ್ಲದೊಂದಿಗೆ ಕಾಯಿಸಿದಾಗ ಹೊಮ್ಮುವ ಕಾರ್ಬನ್ ಡೈಸಲ್ಫೈಡನ್ನು ಅಳೆಯುತ್ತವೆ. ಥೈರಾಮ್, ಮೆಟಿರಾಮ್ ಎಂಬ ಬೇರೆ ಶಿಲೀಂಧ್ರನಾಶಕಗಳೂ ಅದೇ ಅನಿಲವನ್ನು ಕೊಡುವುದರಿಂದ ಮೂಲ ಯಾವುದೆಂದು ಇದರಿಂದ ತಿಳಿಯದು. ಎಲೆಕೋಸಿನಲ್ಲಿ ಸಹಜವಾಗಿಯೇ ಇರುವ ಗಂಧಕದ ಸಂಯುಕ್ತಗಳೂ ಲೆಕ್ಕವನ್ನು ಕೆಡಿಸಬಲ್ಲವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮ್ಯಾಂಕೋಜೆಬ್ ಒಡೆದು ಉಂಟಾಗುವ, ಇಲಿಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವ ಎಥಿಲೀನ್ ಥಯೋಯೂರಿಯಾ ಈ ವಿಧಾನಕ್ಕೆ ಸಿಗುವುದೇ ಇಲ್ಲ, ಅದನ್ನು ಬೇರೆಯಾಗಿಯೇ ಹುಡುಕಬೇಕು. ಏನನ್ನು ಹುಡುಕಬೇಕೆಂಬ ಈ ತೀರ್ಮಾನಕ್ಕೆ 'ಶೇಷದ ವ್ಯಾಖ್ಯೆ' ಎಂದು ಹೆಸರು. ಕಾನೂನು ಜಾರಿಗೆ ಒಂದು ವ್ಯಾಖ್ಯೆ, ಆಹಾರದ ಅಪಾಯವನ್ನು ಅಂದಾಜು ಮಾಡಲು ಇನ್ನೊಂದು ವ್ಯಾಖ್ಯೆ ಇರುವುದೂ ಉಂಟು.

ಈ ವ್ಯಾಖ್ಯೆಗೆ ಆಧಾರವಾಗುವುದು ಚಯಾಪಚಯದ, ಅಂದರೆ ರಾಸಾಯನಿಕವು ಜೀವಿಯೊಳಗೆ ಒಡೆದು ರೂಪ ಬದಲಿಸುವ ಬಗೆಯ, ಅಧ್ಯಯನ. ರಾಸಾಯನಿಕದ ಒಂದು ಇಂಗಾಲದ ಜಾಗದಲ್ಲಿ ವಿಕಿರಣಶೀಲ ಇಂಗಾಲ-14 ಅನ್ನು ಕೂರಿಸಿ ಬೆಳೆಗೆ ಕೊಟ್ಟರೆ, ಅದು ಎಷ್ಟು ಬಾರಿ ರೂಪ ಬದಲಿಸಿದರೂ ಆ ಗುರುತಿನ ಜಾಡು ಹಿಡಿದು ಹೋಗಬಹುದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) 501ನೆಯ ಪರೀಕ್ಷಾ ಮಾರ್ಗಸೂಚಿ ಬೆಳೆಗಳನ್ನು ಗೆಡ್ಡೆ-ಬೇರು, ಸೊಪ್ಪು, ಹಣ್ಣು, ಬೇಳೆ-ಎಣ್ಣೆಕಾಳು, ಏಕದಳ ಧಾನ್ಯ ಎಂದು ಐದು ಗುಂಪು ಮಾಡುತ್ತದೆ. ಮೂರು ಗುಂಪುಗಳಲ್ಲಿ ಚಯಾಪಚಯದ ಮಾರ್ಗ ಒಂದೇ ಬಗೆಯಾಗಿದ್ದರೆ ಉಳಿದವುಗಳಲ್ಲಿಯೂ ಹಾಗೆಯೇ ಎಂದು ಒಪ್ಪಿಕೊಳ್ಳಲಾಗುತ್ತದೆ. ಗಿಡಕ್ಕೆ ಪ್ರಾಣಿಯಂತೆ ಮೂತ್ರದ ದಾರಿ ಇಲ್ಲವಾದ್ದರಿಂದ ಅದು ಅನ್ಯವಸ್ತುವಿಗೆ ಗ್ಲೂಕೋಸನ್ನು ಜೋಡಿಸಿ ಕೋಶದೊಳಗಿನ ರಸ ತುಂಬಿದ ಚೀಲವಾದ ರಸಕುಹರದಲ್ಲಿಯೋ ಕೋಶಭಿತ್ತಿಯಲ್ಲಿಯೋ ಇರಿಸಿಕೊಳ್ಳುತ್ತದೆ. ಪ್ರಾಣಿಯ ಯಕೃತ್ತು ಬಹುಮಟ್ಟಿಗೆ ಗ್ಲುಕುರಾನಿಕ್ ಆಮ್ಲ ಅಥವಾ ಸಲ್ಫೇಟನ್ನು ಜೋಡಿಸಿ ಹೊರಹಾಕುತ್ತದೆ. ಈ ಒಂದು ವ್ಯತ್ಯಾಸ ಮನದಟ್ಟಾದರೆ ಈ ವಿಷಯದ ಅರ್ಧ ಭಾಗ ತಿಳಿದಂತೆಯೇ ಎಂದು ನನ್ನ ಅನಿಸಿಕೆ.

ಜಾನುವಾರುಗಳ ಭಾಗವನ್ನು 503ನೆಯ ಮಾರ್ಗಸೂಚಿ ನೋಡಿಕೊಳ್ಳುತ್ತದೆ. ಹಾಲು ಕೊಡುವ ಮೇಕೆಗೂ ಮೊಟ್ಟೆಯಿಡುವ ಕೋಳಿಗೂ ಗುರುತಿನ ರಾಸಾಯನಿಕವನ್ನು ಕೆಲವು ದಿನ ಸತತವಾಗಿ ಉಣಿಸಿ, ಹಾಲು, ಮೊಟ್ಟೆ, ಯಕೃತ್ತು, ಮೂತ್ರಪಿಂಡ, ಸ್ನಾಯು, ಕೊಬ್ಬುಗಳನ್ನು ವಿಶ್ಲೇಷಿಸುತ್ತಾರೆ. ನಮ್ಮ ಕಡೆ ಜೋಳದ ದಂಟು ತಿನ್ನುವುದು ಹಸು, ಆದರೆ ಪರೀಕ್ಷೆಗೆ ಒಳಗಾಗುವುದು ಮೇಕೆ: ದೇಹ ಚಿಕ್ಕದಾದಷ್ಟೂ ದುಬಾರಿ ವಿಕಿರಣ ವಸ್ತು ಕಡಿಮೆ ಸಾಕು.

ಇಂಥ ಅಧ್ಯಯನಗಳ ಫಲ ದಪ್ಪ ವರದಿಗಳಲ್ಲಿ, ರೂಪ ಬದಲಾವಣೆಯ ಹಂತಗಳನ್ನು ತೋರಿಸುವ ಚಿತ್ರರೂಪದ ನಕ್ಷೆಗಳಾಗಿ ಉಳಿದರೆ ಒಂದನ್ನು ಇನ್ನೊಂದರೊಡನೆ ಹೋಲಿಸುವುದು ಕಷ್ಟ. ಆ ತೊಡಕನ್ನು ನೀಗಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ಬಲ್ಗೇರಿಯದ ಬುರ್ಗಾಸ್‌ನ ಗಣಿತೀಯ ರಸಾಯನಶಾಸ್ತ್ರ ಪ್ರಯೋಗಾಲಯ ಸೇರಿ ಮೆಟಾಪಾತ್ ಎಂಬ ದತ್ತಸಂಚಯವನ್ನು ರೂಪಿಸಿದವು. ಇದರಲ್ಲಿ ಪ್ರತಿ ಅಣುವೂ ಹುಡುಕಲು ಬರುವ ರಚನೆಯಾಗಿ ದಾಖಲಾಗಿರುತ್ತದೆ. ಇಲಿ, ಮೇಕೆ, ಕೋಳಿ, ಬೆಳೆಗಳ ನಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ವಿಷತ್ವದ ಪರೀಕ್ಷೆಗಳು ಬಹುಪಾಲು ಇಲಿಯ ಮೇಲೆ ನಡೆದಿರುವುದರಿಂದ, ಬೆಳೆಯಲ್ಲಿ ಕಂಡ ರೂಪ ಇಲಿಯಲ್ಲಿಯೂ ಸಾಕಷ್ಟು ಪ್ರಮಾಣದಲ್ಲಿ ಉಂಟಾಗುತ್ತದೆಯೇ ಎಂಬುದೇ ಮೌಲ್ಯಮಾಪಕರ ಮೊದಲ ಪ್ರಶ್ನೆ. ಉಂಟಾಗದಿದ್ದರೆ ಅದರ ವಿಷತ್ವವನ್ನು ಪ್ರತ್ಯೇಕವಾಗಿ ವಿಚಾರಿಸಬೇಕಾಗುತ್ತದೆ.

ಚಿಕ್ಕಮಗಳೂರಿನ ಕಾಫಿ ತೋಟದಿಂದ ಒಂದು ಉದಾಹರಣೆ. ಬಿಳಿ ಕಾಂಡಕೊರಕ ಹುಳುವಿಗೆ ಬಳಸಿಕೊಂಡು ಬಂದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಒಡೆದರೆ 3,5,6-ಟ್ರೈಕ್ಲೋರೋಪಿರಿಡಿನಾಲ್ ಸಿಗುತ್ತದೆ. ಹಾಗೆಂದು ಮಾದರಿಯೊಂದರಲ್ಲಿ ಇದು ಕಂಡ ಕೂಡಲೇ ಕ್ಲೋರ್‌ಪೈರಿಫಾಸ್ ಬಳಸಿದ್ದಾರೆ ಎಂದು ಬರೆದರೆ ತಪ್ಪಾದೀತು. ಇಂಥ ದತ್ತಸಂಚಯದಲ್ಲಿ ಅದೇ ರಚನೆಯನ್ನು ಹುಡುಕುತ್ತ ಹಿಂದಕ್ಕೆ ನಡೆದರೆ ಕ್ಲೋರ್‌ಪೈರಿಫಾಸ್-ಮೀಥೈಲ್ ಎಂಬ ಇನ್ನೊಂದು ಕೀಟನಾಶಕವೂ ಟ್ರೈಕ್ಲೋಪಿರ್ ಎಂಬ ಕಳೆನಾಶಕವೂ ಅದರ ಮೂಲಗಳಾಗಿ ಎದುರಾಗುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಭೆ ಕ್ಲೋರ್‌ಪೈರಿಫಾಸ್‌ನ ಶೇಷವನ್ನು, ಒಡೆದ ರೂಪವನ್ನು ಸೇರಿಸದೆ, ಕ್ಲೋರ್‌ಪೈರಿಫಾಸ್ ಎಂದಷ್ಟೇ ವ್ಯಾಖ್ಯಾನಿಸಿ, ಅದು ಕೊಬ್ಬಿನಲ್ಲಿ ಕರಗುವಂಥದ್ದು ಎಂದು ಗುರುತಿಸಿರುವುದನ್ನು ಇದರ ಜೊತೆಗಿಟ್ಟು ಓದಿಕೊಳ್ಳಬೇಕು.