ನೀರಿಗೆ ಬಿದ್ದ ಜೇನುನೊಣ ಈಜುತ್ತಾ?

ಪ್ರಶ್ನೆ: ಹಿತ್ತಲಿನ ತೊಟ್ಟಿಗೆ ಬಿದ್ದ ಜೇನುನೊಣವೊಂದು ರೆಕ್ಕೆ ಬಡಿಯುತ್ತಾ ಅಂಚಿನ ಕಡೆಗೆ ಬರುತ್ತಿತ್ತು. ಅದು ಈಜುತ್ತಿತ್ತಾ, ಇಲ್ಲಾ ಸುಮ್ನೆ ಒದ್ದಾಡುತ್ತಿತ್ತಾ?

ನೋಡೋಕೆ ಒದ್ದಾಟವೇ. ಆದರೆ ಆ ಒದ್ದಾಟದಿಂದಲೇ ಅದು ಮುಂದಕ್ಕೆ ಬರುತ್ತೆ. ಕಾಲಿನಿಂದಲ್ಲ, ರೆಕ್ಕೆಯಿಂದ.

ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಮೊರಿ ಘರೀಬ್ ಎಂಬ ಎಂಜಿನಿಯರ್ ಇದ್ದಾರೆ. ಅಲ್ಲಿನ ಕೊಳದ ಕಾರಂಜಿ ನಿಂತಿದ್ದ ಒಂದು ಮಧ್ಯಾಹ್ನ, ನೀರಿಗೆ ಬಿದ್ದ ಜೇನುನೊಣ ಅವರ ಕಣ್ಣಿಗೆ ಬಿತ್ತು. ನೀರು ಅಲುಗಾಡುತ್ತಿರಲಿಲ್ಲ, ಬಿಸಿಲು ನೆತ್ತಿಯ ಮೇಲಿತ್ತು. ಹಾಗಾಗಿ ರೆಕ್ಕೆ ಎಬ್ಬಿಸಿದ ಸಣ್ಣ ಅಲೆಗಳ ನೆರಳು ಕೊಳದ ತಳದಲ್ಲಿ ಚಿತ್ರ ಬರೆದಂತೆ ಕಾಣುತ್ತಿತ್ತು. ಕಾರಂಜಿ ಓಡುತ್ತಿದ್ದಿದ್ದರೆ ಇದ್ಯಾವುದೂ ಕಾಣುತ್ತಲೇ ಇರಲಿಲ್ಲ! ಆಮೇಲೆ ಅವರು ಮತ್ತು ಅಲ್ಲಿನ ಸಂಶೋಧಕ ಕ್ರಿಸ್ ರೋ ಸೇರಿ 33 ನೊಣಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟು, ವಿಡಿಯೊ ಮಾಡಿ ನೋಡಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು.

ಒದ್ದೆ ಬಟ್ಟೆ ಮೈಗೆ ಹೇಗೆ ಅಂಟುತ್ತೆ, ಗೊತ್ತಲ್ವಾ? ರೆಕ್ಕೆಯ ಕೆಳಮೈಗೂ ನೀರು ಹಾಗೇ ಅಂಟಿಕೊಳ್ಳುತ್ತೆ. ಮೇಲ್ಮೈ ಮಾತ್ರ ಒಣಗೇ ಇರುತ್ತೆ. ಇನ್ನು ಹಾರುವ ಮಾತಿಲ್ಲ. ಗಾಳಿಯಲ್ಲಿ 90ರಿಂದ 120 ಡಿಗ್ರಿವರೆಗೆ ಬೀಸುತ್ತಿದ್ದ ರೆಕ್ಕೆ, ನೀರಿನಲ್ಲಿ 10 ಡಿಗ್ರಿಯೂ ಆಡಲ್ಲ.

ತಮಾಷೆ ಅಂದ್ರೆ, ಹಾರಲು ಬಿಡದ ಆ ಅಂಟೇ ಇಲ್ಲಿ ದೋಣಿಯ ಹುಟ್ಟಿನಂತೆ ಕೆಲಸ ಮಾಡುತ್ತೆ. ನೊಣ ರೆಕ್ಕೆಯನ್ನು ಮೇಲಕ್ಕೆಳೆದಾಗ ಅದಕ್ಕೆ ಅಂಟಿದ ನೀರೂ ಜೊತೆಗೆ ಏಳುತ್ತೆ, ಹಿಂದಕ್ಕೆ ತಳ್ಳಲ್ಪಡುತ್ತೆ. ನೀರು ಹಿಂದಕ್ಕೆ, ನೊಣ ಮುಂದಕ್ಕೆ. ರೆಕ್ಕೆ ಕೆಳಗಿಳಿಯುವಾಗ ಬಲವೇನೂ ಬರಲ್ಲ, ಅದು ಮುಂದಿನ ಎಳೆತಕ್ಕೆ ತಯಾರಿ ಅಷ್ಟೆ. ಗಮನಿಸಿ ನೋಡಿದರೆ ನೊಣದ ಹಿಂದೆ ದೊಡ್ಡ ಅಲೆ ಇರುತ್ತೆ, ಮುಂದೆ ಅಂಥದ್ದು ಇರಲ್ಲ.

ಹೀಗೆ ಸಿಗುವ ಬಲ ತೀರಾ ಕಡಿಮೆ. ಬಲವನ್ನು ಅಳೆಯುವ ಮಾನ ನ್ಯೂಟನ್. ಒಂದು ನ್ಯೂಟನ್‌ನ ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 20 ಪಾಲು. ನೊಣದ ತೂಕ ಹೆಚ್ಚುಕಡಿಮೆ 100 ಮಿಲಿಗ್ರಾಂ. ಅದನ್ನು ಎತ್ತಲು ಬೇಕಾದ ಬಲದ ಐವತ್ತನೇ ಒಂದು ಭಾಗವಷ್ಟೇ ಇದು. ತೇಲುತ್ತಿರುವ ಮೈಯನ್ನು ತಳ್ಳೋಕೆ ಸಾಕು, ನೀರಿನಿಂದ ಮೇಲೇಳೋಕೆ ಸಾಲದು. ಸುಸ್ತೂ ಜಾಸ್ತಿ. ಹತ್ತು ನಿಮಿಷದ ಹೊತ್ತು ಹೀಗೆ ರೆಕ್ಕೆ ಆಡಿಸಬಲ್ಲದು. ಅಷ್ಟರಲ್ಲಿ ಅಂಚು ಸಿಗಬೇಕು.

ಅಂದಹಾಗೆ, ಅವು ತೊಟ್ಟಿಗೆ ಬರುವುದು ಆಟಕ್ಕಲ್ಲ. ಬೇಸಿಗೆಯಲ್ಲಿ ಗೂಡು ತಂಪು ಮಾಡಲು ನೀರು ಒಯ್ಯುತ್ತವೆ. ಜೇನು ಸಾಕುವವರು ನೀರಿನ ತಟ್ಟೆಯಲ್ಲಿ ಕಲ್ಲು, ಕಡ್ಡಿ ಹಾಕಿಡುವುದು ಅವು ಮುಳುಗದಿರಲಿ ಅಂತ. ನಿಮ್ಮ ತೊಟ್ಟಿಯ ಗೋಡೆ ಜಾರುವಂತಿದ್ದರೆ ನೊಣ ಅಂಚು ಮುಟ್ಟಿಯೂ ಹತ್ತಲಾರದು. ಒಂದು ತೆಂಗಿನ ಗರಿಯನ್ನು ಓರೆಯಾಗಿ ಇಳಿಬಿಡಿ. ಬೆರಳು ಚಾಚಬೇಡಿ, ಗಾಬರಿಯಲ್ಲಿ ಕುಟುಕಿಬಿಡುತ್ತೆ.