ಕ್ವಾರಿ ‘ಮುಚ್ಚುವುದು’ ಎಂದರೆ ಗುಂಡಿ ತುಂಬುವುದಲ್ಲ

‘ಕ್ವಾರಿ ಮುಚ್ಚುವ ಯೋಜನೆ ಇದೆ, ಗುಂಡಿ ಮಾತ್ರ ಹಾಗೇ ಇದೆ’ ಎಂಬ ದೂರು ಮತ್ತೆ ಮತ್ತೆ ಕಾಣುತ್ತದೆ. ನಾವು ಅಂಗಡಿಯನ್ನೂ ಮುಚ್ಚುತ್ತೇವೆ, ಗುಂಡಿಯನ್ನೂ ಮುಚ್ಚುತ್ತೇವೆ. ಗೊಂದಲ ಹುಟ್ಟುವುದೇ ಇಲ್ಲಿ. ಯೋಜನೆಯ ಹೆಸರಿನಲ್ಲಿರುವುದು ಅಂಗಡಿ ಮುಚ್ಚುವ ಅರ್ಥ: ಕೆಲಸ ನಿಲ್ಲಿಸಿ, ಅಪಾಯ ಕಳೆದು, ನೆಲವನ್ನು ಬೇರೊಂದು ಬಳಕೆಗೆ ಒದಗಿಸುವುದು. ತುಂಬುವುದಕ್ಕೆ ‘ಮರುಭರ್ತಿ’ ಎಂಬ ಬೇರೆ ಪದವೇ ಇದೆ.

ಕಟ್ಟಡ ಕಲ್ಲಿನ ಕ್ವಾರಿಯಲ್ಲಿ ಮರುಭರ್ತಿ ಸುಲಭವಲ್ಲ. ಕಬ್ಬಿಣದ ಗಣಿಯಲ್ಲಿ ಅದಿರಲ್ಲದ ಮಣ್ಣು, ಕಲ್ಲು ಅಲ್ಲೇ ರಾಶಿ ಬೀಳುತ್ತದೆ; ಇಲ್ಲಿ ಒಡೆದ ಕಲ್ಲು ಬಹುಪಾಲು ಜಲ್ಲಿಯಾಗಿ ಹೊರಹೋಗಿರುತ್ತದೆ. ಒಂದು ಎಕರೆ, 30 ಮೀಟರ್ ಆಳ ಎಂದರೆ ಸುಮಾರು 1.2 ಲಕ್ಷ ಘನ ಮೀಟರ್. 10 ಘನ ಮೀಟರಿನ ಟಿಪ್ಪರಿನಲ್ಲಿ 12,000 ಲೋಡು. ಅಷ್ಟು ಮಣ್ಣು ತರಲು ಇನ್ನೊಂದು ಕಡೆ ಗುಂಡಿ ತೋಡಬೇಕು. ಕೊನೆಗೆ ಬರುವುದು ಊರಿನ ಕಸ. ಬೆಂಗಳೂರಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ಬಿದ್ದದ್ದು ಅದೇ. ಕರಿಕಲ್ಲಿನ ಬಿರುಕುಗಳಲ್ಲಿ ಕಸದ ರಸ ಇಳಿದರೆ ಸುತ್ತಲಿನ ಬೋರ್‌ವೆಲ್ ಕೆಡುತ್ತದೆ. ಅದನ್ನು ಪುನಶ್ಚೇತನ ಎಂದು ಕರೆಯಬಾರದು.

ಇನ್ನೊಂದು ತಪ್ಪು, ಗಣಿ ಕಡತದ ‘ರಿಹ್ಯಾಬಿಲಿಟೇಶನ್’ ಪದವನ್ನು ‘ಪುನರ್ವಸತಿ’ ಎನ್ನುವುದು. ಅಣೆಕಟ್ಟಿನ ಕಡತದ ‘ಆರ್ ಅಂಡ್ ಆರ್’ (ರಿಹ್ಯಾಬಿಲಿಟೇಶನ್ ಅಂಡ್ ರೀಸೆಟಲ್‌ಮೆಂಟ್) ಮುಳುಗಡೆಯಾದವರಿಗೆ ನೆಲೆ ಕೊಡುವುದು; ಬಳ್ಳಾರಿ ಗಣಿಗಳ ‘ಆರ್ ಅಂಡ್ ಆರ್’ (ರಿಕ್ಲಮೇಶನ್ ಅಂಡ್ ರಿಹ್ಯಾಬಿಲಿಟೇಶನ್) ನೆಲವನ್ನು ಸರಿಪಡಿಸುವುದು.

ಕ್ವಾರಿ ಮುಚ್ಚುವ ಯೋಜನೆ ಕಲ್ಲು ಮುಗಿದ ಮೇಲೆ ಮಾಡುವಂಥದ್ದಲ್ಲ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 63 ಮೀಟರ್. ಗಡಿಯಲ್ಲಿ ಸುತ್ತಲೂ 7.5 ಮೀಟರ್ ಸುರಕ್ಷತಾ ಪಟ್ಟಿ ಬಿಟ್ಟರೆ ಉಳಿಯುವುದು 48. ಆರು ಮೀಟರ್ ಎತ್ತರ, ಆರು ಮೀಟರ್ ಅಗಲದ ಬೆಂಚ್ (ಗೋಡೆಯಲ್ಲಿ ಬಿಡುವ ದೊಡ್ಡ ಮೆಟ್ಟಿಲು) ಬಿಡುತ್ತಾ ಇಳಿದರೆ 24 ಮೀಟರ್ ಆಳಕ್ಕೆ ತಳದಲ್ಲಿ 12 ಮೀಟರ್ ಉಳಿಯುತ್ತದೆ. ಅದರ ಕೆಳಗೆ ಹೋಗಲು ದಾರಿಯಿಲ್ಲ. ಅಷ್ಟೇ ಜಾಗದಲ್ಲಿ 30 ಮೀಟರ್ ತೋಡಿದ್ದಾರೆಂದರೆ ಸರಿಯಾದ ಬೆಂಚ್ ಬಿಟ್ಟಿಲ್ಲವೆಂದೇ ಅರ್ಥ. ನೆಟ್ಟಗೆ ನಿಂತ ಗೋಡೆಗೆ ಆಮೇಲೆ ಮೆಟ್ಟಿಲು ಕೊರೆಯಲು ಗಡಿಯೊಳಗೆ ಜಾಗವೇ ಇರುವುದಿಲ್ಲ.

ಮೇಲ್ಮಣ್ಣಿನದೂ ಇದೇ ಕಥೆ. ಮೊದಲ ದಿನವೇ ಬೇರೆ ತೆಗೆದು, ಎರಡು ಮೀಟರಿಗಿಂತ ಎತ್ತರವಾಗದಂತೆ ರಾಶಿ ಹಾಕಿ, ಹುರುಳಿಯನ್ನೋ ಅಪ್ಸೆಣಬನ್ನೋ ಬಿತ್ತಿಡಬೇಕು. ಎತ್ತರದ ರಾಶಿಯ ಅಡಿಯಲ್ಲಿ ಗಾಳಿಯಾಡದೆ ಮಣ್ಣಿನ ಜೀವ ಹೋಗುತ್ತದೆ. ಬೆಂಚನ್ನು ಒಳಮುಖವಾಗಿ ತುಸು ಇಳಿಜಾರು ಮಾಡಿ, ಅಂಚಿಗೆ ಕಲ್ಲಿನ ಏರಿ ಕಟ್ಟಿದ ಮೇಲೆಯೇ ಆ ಮಣ್ಣು ಹರಡಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ತಳ ಸೇರುತ್ತದೆ. ಗಿಡವೆಂದರೆ ಹೊಂಗೆ, ಬೇವು, ಕಮರ, ಬಿದಿರು. ಮಣ್ಣಿಲ್ಲದ ಬಂಡೆಯ ಮೇಲೆ ಸಾಲು ಸಸಿ ನೆಟ್ಟು ಫೋಟೊ ತೆಗೆಸುವುದು ಹಣ ಪೋಲು.

ತಳದಲ್ಲಿ ನೀರು ನಿಲ್ಲಿಸುವುದಾದರೆ ಒಂದು ಬದಿಯನ್ನಾದರೂ ಒಂದು ಮೀಟರ್ ಇಳಿತಕ್ಕೆ ಮೂರು ಮೀಟರ್ ಅಗಲದಂತೆ ನಿಧಾನದ ಇಳಿಜಾರಾಗಿ ಬಿಡಬೇಕು. ಈಜು ಬಲ್ಲವರೂ ಕ್ವಾರಿ ಹೊಂಡಗಳಲ್ಲಿ ಸಾಯಲು ಒಂದು ಕಾರಣ ಹತ್ತಿ ಬರಲು ದಡವಿಲ್ಲದಿರುವುದು. ಹಾಗಾಗಿ ಯೋಜನೆಯ ಪ್ರತಿ ಕೈಗೆ ಸಿಕ್ಕರೆ ಸಸಿಗಳ ಪಟ್ಟಿಗಿಂತ ಮೊದಲು ಅಡ್ಡಸೀಳಿಕೆಯ ನಕ್ಷೆ (ಗುಂಡಿಯನ್ನು ಮೇಲಿಂದ ತಳದವರೆಗೆ ಸೀಳಿದಂತೆ ತೋರಿಸುವ ಚಿತ್ರ) ನೋಡಿ: ಬೆಂಚಿನ ಅಗಲ, ಕೊನೆಯ ಆಳ, ದಡದ ಇಳಿಜಾರು ಬರೆದಿವೆಯೇ?