ಅಪವರ್ತನ ಸಿಗುವ ಮೊದಲೇ ಅವಿಭಾಜ್ಯ ಪಟ್ಟ ಕಳೆದುಕೊಂಡ ಸಂಖ್ಯೆ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಡುತ್ತಾ ಹೋಗುವ ಕಥೆಯನ್ನು ಕೇಳದವರು ಕಡಿಮೆ. ಆ ಮಣೆಯಲ್ಲಿ 64ರ ಬದಲು 67 ಮನೆಗಳಿದ್ದಿದ್ದರೆ ಒಟ್ಟು ಕಾಳುಗಳು 2ರ 67ನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 14,75,73,95,25,89,67,64,12,927 ಆಗುತ್ತಿದ್ದವು. ಇದು ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾಗಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರೀನ್ ಮರ್ಸೆನ್, 257ರವರೆಗೆ 2ರ ಯಾವ ಘಾತಗಳಿಂದ ಒಂದು ಕಳೆದರೆ ಅವಿಭಾಜ್ಯಗಳು ಸಿಗುತ್ತವೆ ಎಂಬ ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ 67 ಇತ್ತು, 61 ಇರಲಿಲ್ಲ. 61ರದು ಅವಿಭಾಜ್ಯವೆಂದು 1883ರಲ್ಲಿ ರಷ್ಯಾದ ಪಾದ್ರಿ ಪೆರ್ವುಶಿನ್ ತೋರಿಸಿದ ಮೇಲೆ, ಒಂದು ಅಂಕಿ ಅಚ್ಚಿನಲ್ಲಿ ತಪ್ಪಿರಬಹುದೆಂಬ ಊಹೆಯೂ ಹುಟ್ಟಿತು. ತಪ್ಪು ಎಲ್ಲಿ ನುಸುಳಿತು ಎಂಬುದಕ್ಕಿಂತ, ಅದನ್ನು ಹಿಡಿಯುವುದು ಎಷ್ಟು ಕಷ್ಟವಿತ್ತು ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಅವಿಭಾಜ್ಯವನ್ನು ಗುರುತಿಸಲು ಫರ್ಮಾನ ಪ್ರಮೇಯದಿಂದ ಬಂದ ಒಂದು ಸುಲಭ ಪರೀಕ್ಷೆಯಿದೆ: 2ನ್ನು, ಆ ಸಂಖ್ಯೆಗಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಉಳಿಯಬೇಕು. ನಮ್ಮ ಸಂಖ್ಯೆ ಈ ಪರೀಕ್ಷೆಯನ್ನು ಸಲೀಸಾಗಿ ದಾಟಿಬಿಡುತ್ತದೆ. ಅಂದರೆ ಅದು 2ರ ಮಟ್ಟಿಗೆ ಹುಸಿ ಅವಿಭಾಜ್ಯ: ಅವಿಭಾಜ್ಯವಲ್ಲದಿದ್ದರೂ ಪರೀಕ್ಷೆಯಲ್ಲಿ ಹಾಗೆ ತೋರುವಂಥದ್ದು. ಈ ಮೋಸಕ್ಕೆ ಸಿಗದ ಪರೀಕ್ಷೆಯನ್ನು ಕಂಡುಕೊಂಡವರು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾ. 1930ರಲ್ಲಿ ಡೆರಿಕ್ ಲೇಮರ್ ಸರಳಗೊಳಿಸಿದ ರೂಪದಲ್ಲಿ ಅದನ್ನು 31ರ ಮೇಲೆ, ಅಂದರೆ 2ರ 5ನೇ ಘಾತಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯ ಮೇಲೆ, ಮಾಡಿ ನೋಡಬಹುದು. 4ರ ವರ್ಗದಿಂದ 2 ಕಳೆದರೆ 14; 14ರ ವರ್ಗದಿಂದ 2 ಕಳೆದರೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8; 8ರ ವರ್ಗದಿಂದ 2 ಕಳೆದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ ಸುತ್ತುಗಳಲ್ಲಿ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ, ಅಂದರೆ ಚಿಕ್ಕ ಸಂಖ್ಯೆಗಳ ಗುಣಲಬ್ಧ. 67ಕ್ಕೆ 65 ಸುತ್ತು ಹಾಕಿದರೂ ಸೊನ್ನೆ ಬರುವುದಿಲ್ಲ. ಈ ಸಂಖ್ಯೆ ಸಂಯುಕ್ತವೆಂದು ಲೂಕಾ 1876ರಲ್ಲೇ ಒಂದು ಅಪವರ್ತನವನ್ನೂ ಕಾಣದೆ ಸಾರಿದರು. ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ಘಟ್ಟ ಇದೇ. ಜನ ಹೆಚ್ಚಾಗಿ ಮರೆಯುವುದೂ ಇದನ್ನೇ.

ಎಲ್ಲರೂ ಹೇಳುವ ಘಟನೆ ನಡೆದದ್ದು 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಒಂದು ಮಾತೂ ಆಡದೆ ಕಪ್ಪುಹಲಗೆಯ ಮೇಲೆ 19,37,07,721 ಮತ್ತು 7,61,83,82,57,287 ಎಂಬ ಸಂಖ್ಯೆಗಳನ್ನು ಗುಣಿಸಿ, ನಮ್ಮ ಸಂಖ್ಯೆಯೇ ಬರುವುದನ್ನು ತೋರಿಸಿದರೆಂಬುದು ಪ್ರತೀತಿ. ಮೌನದ ಭಾಗಕ್ಕೆ ಬಣ್ಣ ಸೇರಿರಬಹುದು, ಗುಣಲಬ್ಧ ಮಾತ್ರ ಅಪ್ಪಟ. ಈ ಸಂಖ್ಯೆಯ ಅಪವರ್ತನವನ್ನು 67ರ ಎರಡರಷ್ಟಾದ 134ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂಬ ನಿಯಮವಿದೆ. ಚಿಕ್ಕ ಅಪವರ್ತನವು 134ರ 14,45,580 ಪಟ್ಟಿಗಿಂತ ಒಂದು ಹೆಚ್ಚು. ಸುಮ್ಮನೆ ಭಾಗಿಸುತ್ತಾ ಕೂತವರಿಗೆ ಅದು ದಕ್ಕುವಂಥದ್ದಲ್ಲ.

2ರ 1277ನೇ ಘಾತಕ್ಕಿಂತ ಒಂದು ಕಡಿಮೆಯಾದ, 385 ಅಂಕಿಗಳ ಸಂಖ್ಯೆಯೂ ಸಂಯುಕ್ತವೆಂದು ಖಚಿತವಾಗಿದೆ. ಅದರ ಒಂದು ಅಪವರ್ತನವೂ ಈವರೆಗೆ ಯಾರ ಕೈಗೂ ಸಿಕ್ಕಿಲ್ಲ.